ಮೊದಲ ಕಚೇರಿಯ ನಂತರದ ಹತ್ತು ವರ್ಷಗಳು

ಕೊಡಗಿನಲ್ಲಿ ಶಾಸ್ತ್ರೀಯ ಸಂಗೀತ ಕಲಿತ ಯುವಕ ಯುವತಿಯರಿಗೆ ವೇದಿಕೆಗಳೇ ಇಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಆ ದೂರು ಅರ್ಧ ಮಾತ್ರ ನಿಜ. ಮಡಿಕೇರಿ ಮತ್ತು ಗೋಣಿಕೊಪ್ಪಲಿನ ದಸರಾ, ರಾಜ್ಯೋತ್ಸವ, ಊರೂರಿನ ಗಣೇಶೋತ್ಸವ, ದೇವಸ್ಥಾನಗಳ ವಾರ್ಷಿಕೋತ್ಸವ, ಶಾಲಾ ಮಕ್ಕಳ ಪ್ರತಿಭಾ ಕಾರಂಜಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಚಿಗುರು’, ‘ಯುವ ಸೌರಭ’ದಂತಹ ಕಾರ್ಯಕ್ರಮಗಳು, ಹೀಗೆ ಹಾಡುವುದಕ್ಕೂ ನುಡಿಸುವುದಕ್ಕೂ ಅವಕಾಶ ಕೊಡುವ ಸಂದರ್ಭಗಳು ವರ್ಷದಲ್ಲಿ ಒಂದಿಷ್ಟು ಇದ್ದೇ ಇರುತ್ತವೆ. ಇವುಗಳಲ್ಲಿ ಹೆಚ್ಚಿನ ಕಡೆ ಕಲಾವಿದರಿಗೆ ದಕ್ಕುವುದು ಹದಿನೈದು ಇಪ್ಪತ್ತು ನಿಮಿಷ, ಒಂದು ಶಾಲು, ಒಂದು ಸ್ಮರಣಿಕೆ. ಪಕ್ಕವಾದ್ಯದ ಸಮೇತ ಎರಡು ಗಂಟೆಯ ಪೂರ್ಣ ಕಚೇರಿ, ಅದಕ್ಕೆ ತಕ್ಕ ಸಂಭಾವನೆ, ಕೆಲವು ತಿಂಗಳ ಬಳಿಕ ಮತ್ತೊಂದು ಕಚೇರಿ, ಈ ಮೂರೂ ಒಟ್ಟಿಗೆ ಸಿಗುವುದು ಬಹಳ ಅಪರೂಪ. ಜಿಲ್ಲೆಯಲ್ಲಿ ಯುವ ಕಲಾವಿದರನ್ನು ಬೆಂಬಲಿಸುವ ಕುರಿತು ಏನೇ ಚರ್ಚೆ ನಡೆದರೂ ಅದು ಈ ಕೊರತೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತು ನಿಮಿಷಕ್ಕೂ ಎರಡು ಗಂಟೆಗೂ ಇರುವ ಅಂತರ ಬರೀ ಗಡಿಯಾರದ್ದಲ್ಲ. ಇಂದು ಕರ್ನಾಟಕ ಸಂಗೀತದಲ್ಲಿ ರೂಢಿಯಲ್ಲಿರುವ ಕಚೇರಿ ಪದ್ಧತಿಗೆ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರು ಸ್ಪಷ್ಟ ರೂಪ ಕೊಟ್ಟರು ಎಂದು ಸಂಗೀತ ವಲಯದಲ್ಲಿ ಸಾಮಾನ್ಯವಾಗಿ ಒಪ್ಪಲಾಗಿದೆ. ವರ್ಣವೆಂಬ ರಚನೆಯಿಂದ ಆರಂಭಿಸಿ, ಚುರುಕಾದ ಒಂದೆರಡು ಕೃತಿಗಳಿಂದ ಸಭೆಯನ್ನು ಹಿಡಿದು, ವಿಳಂಬ ಕಾಲದ, ಅಂದರೆ ನಿಧಾನ ಗತಿಯ, ಕೃತಿಯೊಂದನ್ನು ನಡುವೆ ಇಟ್ಟು, ಬಳಿಕ ಪ್ರಧಾನ ರಾಗದ ಆಲಾಪನೆ, ಕೃತಿ, ಕೃತಿಯ ಒಂದು ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್, ಸ್ವರಗಳನ್ನು ಅಲ್ಲಿಯೇ ಕಟ್ಟಿ ಹಾಡುವ ಕಲ್ಪನಾಸ್ವರ, ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ, ಕೊನೆಗೆ ದೇವರನಾಮ, ತಿಲ್ಲಾನ ಎಂದು ಸಾಗುವ ಈ ಕ್ರಮದಲ್ಲಿ ಅರ್ಧಕ್ಕರ್ಧ ಮನೋಧರ್ಮದ, ಅಂದರೆ ಹಾಡುವ ಕ್ಷಣದಲ್ಲಿಯೇ ಹುಟ್ಟುವ ಸಂಗೀತದ, ಪಾಲು. ಯಾವ ರಾಗವನ್ನು ಎಷ್ಟು ಹೊತ್ತು ಬೆಳೆಸಬೇಕು, ಪಿಟೀಲಿನವರಿಗೆ ಎಲ್ಲಿ ಬಿಟ್ಟುಕೊಡಬೇಕು, ಸಭೆಯ ಗಮನ ಸಡಿಲವಾಗುತ್ತಿದೆ ಎನಿಸಿದಾಗ ಮೊದಲೇ ಯೋಚಿಸಿಟ್ಟ ಕೃತಿಯನ್ನು ಕೈಬಿಟ್ಟು ಬೇರೆಯದನ್ನು ಹೇಗೆ ಎತ್ತಿಕೊಳ್ಳಬೇಕು, ಒಂದೂವರೆ ಗಂಟೆಯ ನಂತರವೂ ಕಂಠ ಉಳಿಯುವಂತೆ ಮೊದಲ ಅರ್ಧ ಗಂಟೆಯನ್ನು ಹೇಗೆ ನಿಭಾಯಿಸಬೇಕು, ಇವೆಲ್ಲ ಪಾಠದ ಕೋಣೆಯಲ್ಲಿ ಬರುವ ವಿದ್ಯೆಗಳಲ್ಲ. ಇಪ್ಪತ್ತು ನಿಮಿಷದ ವೇದಿಕೆಯಲ್ಲಿ ನಿಜವಾಗಿ ಆಗುವುದೇನೆಂದರೆ, ಮೈಕು ಸರಿಪಡಿಸುವುದರಲ್ಲಿ ಮೂರು ನಾಲ್ಕು ನಿಮಿಷ ಹೋಗುತ್ತದೆ, ಆತುರದಲ್ಲಿ ಒಂದು ವರ್ಣ ಮುಗಿಯುತ್ತದೆ, ಕಲ್ಯಾಣಿಯೋ ಮೋಹನವೋ ಒಂದು ರಾಗ ಎರಡೇ ಉಸಿರಿನಲ್ಲಿ ಸುಳಿದು ಮಾಯವಾಗುತ್ತದೆ, ಬಾಯಿಪಾಠವಾದ ಕೃತಿ ಮತ್ತು ಬಾಯಿಪಾಠವಾದ ಸ್ವರಗಳು ಬರುತ್ತವೆ, ಅಷ್ಟರಲ್ಲಿ ನಿರೂಪಕರು ವೇದಿಕೆಯ ಅಂಚಿಗೆ ಬಂದು ನಿಂತಿರುತ್ತಾರೆ. ಇಂತಹ ಕಾರ್ಯಕ್ರಮಗಳನ್ನು ಹತ್ತು ವರ್ಷ ಕೊಟ್ಟರೂ ಒಬ್ಬ ಗಾಯಕಿ ಕಚೇರಿಗೆ ಸಿದ್ಧಳಾಗುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಮಾತ್ರ ಚೆನ್ನಾಗಿ ಪಳಗುತ್ತಾಳೆ.

ಸರ್ಕಾರದ ಮತ್ತು ಸಂಸ್ಥೆಗಳ ನೆರವಿನ ವ್ಯವಸ್ಥೆಯನ್ನು ವಯಸ್ಸಿನ ಕ್ರಮದಲ್ಲಿ ನೋಡಿದರೆ ಇದೇ ಕೊರತೆ ಬೇರೊಂದು ಬಗೆಯಲ್ಲಿ ಕಾಣುತ್ತದೆ. ಮಕ್ಕಳಿಗೆ ಸ್ಪರ್ಧೆಗಳಿವೆ, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ, 10ರಿಂದ 14 ವರ್ಷದವರಿಗೆ ಕೇಂದ್ರದ ಸಾಂಸ್ಕೃತಿಕ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನವಿದೆ. 18ರಿಂದ 25 ವಯಸ್ಸಿನವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯ ಕೊಡುವ ಯುವ ಕಲಾವಿದರ ವಿದ್ಯಾರ್ಥಿವೇತನ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಸಿಗುತ್ತದೆ. ಇಡೀ ದೇಶದ ಸಂಗೀತ, ನೃತ್ಯ, ನಾಟಕ, ಚಿತ್ರಕಲೆ, ಜನಪದ ಕಲೆಗಳೆಲ್ಲ ಸೇರಿ ವರ್ಷಕ್ಕೆ 400 ಮಂದಿಗೆ. ಇನ್ನೊಂದು ತುದಿಯಲ್ಲಿ, ಸಾಧನೆಯ ದಾರಿ ಹಿಡಿದಾಗಿದೆ ಎಂದು ಗುರುತಿಸಲ್ಪಟ್ಟವರಿಗೆ ಸಂಗೀತ ನಾಟಕ ಅಕಾಡೆಮಿ 2006ರಲ್ಲಿ ಆರಂಭಿಸಿದ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರವಿದೆ. ಅದರ ಮೊತ್ತ 25,000 ರೂಪಾಯಿ. ಈ ಪಟ್ಟಿಯಲ್ಲಿ ಕಲಿಕೆಗೆ ನೆರವಿದೆ, ಸಾಧನೆಗೆ ಮನ್ನಣೆಯಿದೆ. ವಿದ್ವತ್ ಮುಗಿಸಿ, ಮೊದಲ ಕಚೇರಿ ಕೊಟ್ಟು, ಮನೆಯವರ ಫೋಟೋ ಆಲ್ಬಮ್ ತುಂಬಿದ ಬಳಿಕ, ಕಚೇರಿ ಏರ್ಪಡಿಸುವ ಸಂಗೀತ ಸಭೆಗಳು ತಾವಾಗಿಯೇ ಕರೆಯುವ ಮಟ್ಟಕ್ಕೆ ಬರುವವರೆಗಿನ ಹತ್ತು ವರ್ಷಗಳಲ್ಲಿ ಕಚೇರಿ ಮಾಡುವುದಕ್ಕೆಂದೇ ಸಿಗುವ ನೆರವು ಬಹಳ ಕಡಿಮೆ. ಸಂಗೀತವನ್ನು ಬಿಟ್ಟವರಲ್ಲಿ ಹೆಚ್ಚಿನವರು ಬಿಡುವುದು ಈ ಅವಧಿಯಲ್ಲಿಯೇ, ಮತ್ತು ಅವರು ಬಿಟ್ಟರೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈ ಅವಧಿ ಬೆಂಗಳೂರಿನಲ್ಲೂ ಸುಲಭವಲ್ಲ. ಆದರೆ ಅಲ್ಲಿ 1905ರಲ್ಲಿ ಸ್ಥಾಪನೆಯಾದ ಗಾಯನ ಸಮಾಜವಿದೆ, 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದಿರುವ ರಾಮಸೇವಾ ಮಂಡಳಿಯಿದೆ, ಬಡಾವಣೆಗೊಂದರಂತೆ ಸಣ್ಣ ಸಭೆಗಳಿವೆ. ಮೈಸೂರಿನಲ್ಲಿ ಅರಮನೆಯ ಆಶ್ರಯವಿತ್ತು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ ಮೊದಲಾದವರು ಇದ್ದ ಆ ಪರಂಪರೆಯಿಂದ ಕೇಳುಗರ ಒಂದು ವರ್ಗವೇ ಬೆಳೆಯಿತು, ಅರಮನೆಯ ಕಾಲ ಮುಗಿದ ಮೇಲೂ ಆ ಕೇಳುಗರು ಉಳಿದರು. ಕೊಡಗಿನ ಇತಿಹಾಸ ಬೇರೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡಾಗ ಇಲ್ಲಿನ ಆಸ್ಥಾನವೇ ಇಲ್ಲವಾಯಿತು, ಮತ್ತು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಡಗು ಆಡಳಿತದ ದೃಷ್ಟಿಯಿಂದ ಪ್ರತ್ಯೇಕವಾಗಿಯೇ ಇತ್ತು. ತಲಕಾವೇರಿಯಲ್ಲಿ ಹುಟ್ಟಿದ ನದಿಯ ದಂಡೆಯಲ್ಲೇ ತ್ಯಾಗರಾಜರ ತಿರುವೈಯಾರು ಇದೆ ಎಂದು ನಮ್ಮ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ನದಿ ಕೆಳಗೆ ಹರಿದು ಹೋದ ದಾರಿಯಲ್ಲಿ ಕಚೇರಿಯ ಸಂಪ್ರದಾಯ ಮೇಲಕ್ಕೆ ಹತ್ತಿ ಬಂದಿಲ್ಲವೆಂಬುದನ್ನು ಅದೇ ಭಾಷಣಗಳಲ್ಲಿ ಹೇಳುವುದಿಲ್ಲ.

ಹಾಗೆಂದು ಕೊಡಗು ಸಂಗೀತವಿಲ್ಲದ ನಾಡಲ್ಲ. ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್ ಇಲ್ಲದೆ ಸುಗ್ಗಿಯ ಹಬ್ಬವಾದ ಪುತ್ತರಿಯಿಲ್ಲ, ವಾಲಗವಿಲ್ಲದೆ ಕೊಡವ ಮದುವೆಯಿಲ್ಲ. ಅಲ್ಲಿ ಸಂಗೀತ ಆಚರಣೆಯ ಅಂಗವಾಗಿರುವುದರಿಂದ ಯಾರೂ ಅದನ್ನು ಪ್ರತ್ಯೇಕವಾಗಿ ‘ಪ್ರೋತ್ಸಾಹಿಸುವ’ ಅಗತ್ಯ ಬೀಳುವುದಿಲ್ಲ, ಕರೆಯಲೇಬೇಕು, ಕೊಡಲೇಬೇಕು. ನುಡಿಸುವವರಿಗೆ ಸಿಗುವ ಗೌರವ ಮತ್ತು ಹಣ ಎರಡೂ ಇನ್ನಷ್ಟು ಹೆಚ್ಚಬೇಕು ಎಂಬುದು ಬೇರೆ ಮಾತು, ಮತ್ತು ಶಾಸ್ತ್ರೀಯ ಸಂಗೀತಕ್ಕೆ ಕೊಡುವ ನೆರವು ಅವರ ಪಾಲಿನಿಂದ ಕಿತ್ತು ಕೊಡುವಂಥದ್ದಾಗಬಾರದು. ಕಚೇರಿಯೆಂಬುದು ಮಾತ್ರ ಯಾವ ಆಚರಣೆಗೂ ಅನಿವಾರ್ಯವಲ್ಲದ ಕಲಾಪ್ರಕಾರ. ಅದಕ್ಕೆ ಕೇಳುಗರು ಬೇಕು, ಕೇಳುಗರನ್ನು ಸೇರಿಸುವ ಸಂಸ್ಥೆ ಬೇಕು, ಇವೆರಡೂ ಇಲ್ಲಿ ತೆಳುವಾಗಿವೆ.

ಕೊಡಗಿನ ಭೂಗೋಳ ಈ ಕಷ್ಟಕ್ಕೆ ತನ್ನದೊಂದು ಪಾಲು ಸೇರಿಸುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ರೈಲು ಜಿಲ್ಲೆಗೆ ಬಂದೇ ಇಲ್ಲ. ವಾರಕ್ಕೊಮ್ಮೆ ಗುರುಗಳ ಮನೆಗೆ ಹೋಗಿ ಬರುವ ವಿದ್ಯಾರ್ಥಿಗೆ ಒಂದು ಪಾಠಕ್ಕೆ ಒಂದು ದಿನವೇ ಹೋಗುತ್ತದೆ. ಕಚೇರಿ ಏರ್ಪಡಿಸುವವರ ಲೆಕ್ಕ ಇನ್ನೂ ಬಿಗಿ. ಹಾಡುವವರು ಊರಿನವರೇ ಆದರೂ ಪಿಟೀಲು, ಮೃದಂಗದವರು ಸಾಮಾನ್ಯವಾಗಿ ಮೈಸೂರಿನಿಂದಲೋ ಪುತ್ತೂರು, ಮಂಗಳೂರು ಕಡೆಯಿಂದಲೋ ಬರಬೇಕು. ಅವರಿಗೆ ಸಂಭಾವನೆ, ಕಾರಿನ ಬಾಡಿಗೆ, ರಾತ್ರಿ ಮಂಜಿನಲ್ಲಿ ಘಾಟಿ ಇಳಿಯುವುದು ಬೇಡವೆಂದರೆ ತಂಗುವ ವ್ಯವಸ್ಥೆ, ಊಟ, ಧ್ವನಿವರ್ಧಕ, ಸಭಾಂಗಣದ ಬಾಡಿಗೆ, ಇಷ್ಟೂ ಕಳೆದ ಮೇಲೆ ಮುಖ್ಯ ಕಲಾವಿದೆಗೆ ಉಳಿಯುವುದು ತಾಂಬೂಲ. ಪಕ್ಕವಾದ್ಯದವರಿಗೆ ಕೊಡಬೇಕಾದದ್ದನ್ನು ಹಾಡುವ ಹುಡುಗಿಯ ತಂದೆಯೇ ಕೈಯಿಂದ ಹಾಕುವ ಪದ್ಧತಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಅದನ್ನು ಯಾರೂ ಸಮಸ್ಯೆಯೆಂದು ಹೆಸರಿಸುವುದೂ ಇಲ್ಲ.

ವಾದ್ಯ ನುಡಿಸುವವರಿಗೆ ಮಳೆಯ ಕಾಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತುಂಬಿರುವ ತೇವಕ್ಕೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕಲ್ಲಿನಿಂದ ಅಂಚು ತಟ್ಟಿ ಏರಿಸಿದರೂ ಒಂದು ಕೃತಿ ಮುಗಿಯುವಷ್ಟರಲ್ಲಿ ಮತ್ತೆ ಜಾರುತ್ತದೆ. ಪಿಟೀಲಿನ ಕಮಾನಿನ ಕೂದಲು ಜೋತು ಬೀಳುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ, ಪೆಟ್ಟಿಗೆಯ ಒಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ. ಮೃದಂಗಕ್ಕೆ ಹೊಸ ಚರ್ಮ ಕೂರಿಸಬೇಕಾದರೆ, ಬಲಬದಿಯ ನಡುವಿನ ಕಪ್ಪು ಲೇಪವಾದ ಕರಣೆ ಎದ್ದರೆ, ವಾದ್ಯವನ್ನು ಮೈಸೂರಿಗೋ ಬೆಂಗಳೂರಿಗೋ ಹೊತ್ತುಕೊಂಡೇ ಹೋಗಬೇಕು, ಅಲ್ಲಿ ಬಿಟ್ಟು ಬರಬೇಕು, ಮತ್ತೆ ಹೋಗಿ ತರಬೇಕು. ಮಡಿಕೇರಿಯ ಮನೆಗಳಲ್ಲಿ ಮೃದಂಗವನ್ನು ಒಲೆಯಿರುವ ಕೋಣೆಯ ಹತ್ತಿರ ಇಡುವುದು ವಿಚಿತ್ರವಾಗಿ ಕಂಡರೂ ಬೇರೆ ದಾರಿಯಿಲ್ಲ.

2020ರ ಕೋವಿಡ್ ನಂತರ ಆನ್‌ಲೈನ್ ಪಾಠ ಎಲ್ಲೆಡೆ ನೆಲೆಯೂರಿತು, ಮತ್ತು ಕೊಡಗಿನಂತಹ ಜಿಲ್ಲೆಗೆ ಅದು ದೊಡ್ಡ ಉಪಕಾರವೇ. ದೊಡ್ಡ ಗುರುಗಳ ಬಳಿ ಕಲಿಯಲು ಊರು ಬಿಡಬೇಕಾಗಿಲ್ಲ. ಆದರೆ ಅದರ ಮಿತಿ ಕಚೇರಿಯ ವಿಷಯದಲ್ಲಿಯೇ ಎದ್ದು ಕಾಣುತ್ತದೆ. ಧ್ವನಿ ಅತ್ತಿಂದಿತ್ತ ಬರುವಲ್ಲಿ ಆಗುವ ಅರೆಕ್ಷಣದ ವಿಳಂಬದಿಂದ ಗುರುವೂ ಶಿಷ್ಯೆಯೂ ಕೂಡಿ ಹಾಡಲಾಗದು, ತಾಳ ಕೂಡುವುದಿಲ್ಲ, ಮೃದಂಗದ ಜೊತೆ ಅಭ್ಯಾಸವಂತೂ ಸಾಧ್ಯವೇ ಇಲ್ಲ. ಒಂದೇ ಸಮನೆ ಕೇಳುವ ತಂಬೂರಿಯ ನಾದವನ್ನು ವಿಡಿಯೋ ಕರೆಯ ತಂತ್ರಾಂಶ ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಹಾಕುತ್ತದೆ. ಸೆಟ್ಟಿಂಗ್ ಬದಲಿಸಲು ಗೊತ್ತಿಲ್ಲದವರ ಪಾಠ ಶ್ರುತಿಯಿಲ್ಲದೆ ಸಾಗುತ್ತದೆ. ಇದಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದಿದೆ. ಹಿಂದೆ ಶಿಷ್ಯರು ಕಚೇರಿಯ ಕಲೆಯನ್ನು ಕಲಿಯುತ್ತಿದ್ದದ್ದು ಗುರುವಿನ ಬೆನ್ನ ಹಿಂದೆ ತಂಬೂರಿ ಮೀಟುತ್ತ, ಸಹಗಾಯನ ಮಾಡುತ್ತ, ಊರೂರು ತಿರುಗುತ್ತ. ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ವರ್ಷಗಟ್ಟಲೆ ಇದ್ದು, ಅವರ ಕಚೇರಿಗಳಿಗೇ ಪಕ್ಕವಾದ್ಯ ನುಡಿಸಿ ಬೆಳೆದರು. ಪರದೆಯ ಮೇಲೆ ಕಲಿಯುವವರಿಗೆ ಕೃತಿಗಳು ಸಿಗುತ್ತವೆ, ಆ ಬೆನ್ನ ಹಿಂದಿನ ಜಾಗ ಸಿಗುವುದಿಲ್ಲ. ಆದ್ದರಿಂದ ಹೊರಗಿನ ಹಿರಿಯ ವಿದ್ವಾಂಸರನ್ನು ಜಿಲ್ಲೆಗೆ ಕರೆಸುವಾಗಲೆಲ್ಲ ಇಲ್ಲಿನ ಒಬ್ಬ ವಿದ್ಯಾರ್ಥಿಗಾದರೂ ತಂಬೂರಿಗೋ ಸಹಗಾಯನಕ್ಕೋ ಅವಕಾಶ ಕೊಡಬೇಕೆಂದು ಸಂಘಟಕರು ವಿನಂತಿಸಿಕೊಳ್ಳಬಹುದು. ಅದಕ್ಕೆ ಹೆಚ್ಚುವರಿ ಖರ್ಚೇನೂ ಇಲ್ಲ, ಹಿರಿಯರು ಸಾಮಾನ್ಯವಾಗಿ ಇಲ್ಲವೆನ್ನುವುದೂ ಇಲ್ಲ.

ಕೊಡಗಿನ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಗಮನಿಸದೆ ಯಾವ ಯೋಜನೆಯೂ ನಿಲ್ಲುವುದಿಲ್ಲ: ಕಚೇರಿಯ ವಯಸ್ಸಿಗೆ ಬಂದ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಇಲ್ಲಿ ಇರುವುದೇ ಇಲ್ಲ. ಪಿಯುಸಿ ಮುಗಿದೊಡನೆ ಮೈಸೂರು, ಮಂಗಳೂರು, ಬೆಂಗಳೂರಿಗೆ ಓದಲು ಹೋಗುತ್ತಾರೆ, ಆಮೇಲೆ ಅಲ್ಲಿಯೇ ಉದ್ಯೋಗ. ಅಲ್ಲಿನ ಸಭೆಗಳಿಗೆ ಅವರು ಹೊರಗಿನವರು, ಇಲ್ಲಿನ ಸಮಿತಿಗಳಿಗೆ ಅವರು ಊರು ಬಿಟ್ಟವರು. ಜಿಲ್ಲೆಯಲ್ಲಿ ವಾಸವಿರುವವರಿಗೆ ಮಾತ್ರ ಅವಕಾಶ ಎಂಬ ಷರತ್ತು ಇಟ್ಟರೆ ನಾವೇ ಬೆಳೆಸಿದ ಕಲಾವಿದರನ್ನು ನಾವೇ ಹೊರಗಿಟ್ಟಂತಾಗುತ್ತದೆ. ಅವರು ಊರಿಗೆ ಬರುವ ಕಾಲಕ್ಕೆ ಕಚೇರಿಗಳು ಇರುವಂತೆ ನೋಡಿಕೊಂಡರೆ ಪ್ರಯಾಣದ ಖರ್ಚೂ ಉಳಿಯುತ್ತದೆ. ಕಾಲದ ಪ್ರಶ್ನೆ ಇಲ್ಲಿ ನಿಜಕ್ಕೂ ಸೂಕ್ಷ್ಮವಾದದ್ದು. ನಾಲ್ಕು ತಿಂಗಳು ಮಳೆ ತಿನ್ನುತ್ತದೆ. ಡಿಸೆಂಬರ್‌ನಲ್ಲಿ ಚೆನ್ನೈ ಸಂಗೀತದಲ್ಲಿ ಮುಳುಗಿರುವ ಹೊತ್ತಿಗೆ ಇಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ಮಾರ್ಚ್‌ವರೆಗೆ ರೋಬಸ್ಟಾ. ತೋಟದ ಮನೆಯವರಿಗೆ ಸಂಜೆ ಏಳಕ್ಕೆ ಸಭಾಂಗಣಕ್ಕೆ ಬರುವ ಚೈತನ್ಯ ಉಳಿದಿರುವುದಿಲ್ಲ. ಉಳಿಯುವುದು ಎರಡು ಅವಧಿ: ದಸರಾದಿಂದ ಪುತ್ತರಿಯವರೆಗೆ ಒಂದು, ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚೆ ಏಪ್ರಿಲ್ ಮತ್ತು ಮೇ ಇನ್ನೊಂದು. ಎರಡನೆಯದರಲ್ಲಿ ಮಕ್ಕಳಿಗೆ ರಜೆ, ಬೆಳೆಗಾರರ ಕೈಯಲ್ಲಿ ಬೆಳೆಯ ಹಣ. ಬೇರೆ ಊರಿನ ಸಂಗೀತ ಕ್ಯಾಲೆಂಡರನ್ನು ಹಾಗೆಯೇ ತಂದಿಟ್ಟುಕೊಳ್ಳುವ ಬದಲು ಈ ಎರಡು ಅವಧಿಗಳನ್ನು ಹಿಡಿದು ಯೋಚಿಸುವುದು ಮೇಲು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಪಾಠಕ್ಕೆ ಬರುವವರಲ್ಲಿ ಅವರೇ ಹೆಚ್ಚು, ಇಪ್ಪತ್ತೈದರ ನಂತರ ವೇದಿಕೆಯಲ್ಲಿ ಉಳಿಯುವವರಲ್ಲಿ ಅವರು ಕಡಿಮೆ. ಮದುವೆ, ಮಗು ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮೊದಲೇ ಕೆಲಸ ಮಾಡುವ ಕಾರಣವೊಂದಿದೆ. ರಾತ್ರಿ ಒಂಬತ್ತಕ್ಕೆ ವಿರಾಜಪೇಟೆಯಲ್ಲಿ ಕಚೇರಿ ಮುಗಿದರೆ ಸೋಮವಾರಪೇಟೆಯ ಕಡೆಯ ಹುಡುಗಿ ಮನೆ ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಸಂಘಟಕರಲ್ಲಿ ಉತ್ತರವಿರುವುದಿಲ್ಲ. ಜೊತೆಗೆ ಬರುವ ಅಮ್ಮನೋ ಅಣ್ಣನೋ ಖರ್ಚಿನ ಪಟ್ಟಿಯಲ್ಲಿ ಇರುವುದಿಲ್ಲ. ಕಚೇರಿಯನ್ನು ಸಂಜೆ ನಾಲ್ಕೂವರೆಗೆ ಆರಂಭಿಸುವುದು, ಜೊತೆಗೆ ಬರುವ ಒಬ್ಬರ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯುವುದು, ಇಂತಹ ಸಣ್ಣ ವಿವರಗಳಿಂದ ಒಬ್ಬಳು ಇನ್ನೂ ಐದು ವರ್ಷ ಹಾಡಿಯಾಳು.

ಹಣ ಎಲ್ಲಿಂದ ಬರಬೇಕು? ಸರ್ಕಾರಿ ಕಾರ್ಯಕ್ರಮಗಳ ಸಂಭಾವನೆ ಕೈಸೇರಲು ತಡವಾಗುತ್ತದೆಂಬುದು ಕಲಾವಿದರ ಹಳೆಯ ದೂರು, ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳಲಾಗದು. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಕನಿಷ್ಠ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಸಾಂಪ್ರದಾಯಿಕ ಕಲೆಗಳ ಪೋಷಣೆ ಅದರ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಜಿಲ್ಲೆಯಲ್ಲಿ ತೋಟ, ರೆಸಾರ್ಟ್ ಹೊಂದಿರುವ ದೊಡ್ಡ ಕಂಪನಿಗಳನ್ನು ಈ ದಾರಿಯಲ್ಲಿ ಕೇಳಬಹುದು. ಹೆಚ್ಚಿನ ಬೆಳೆಗಾರರು ಈ ಕಾಯ್ದೆಯ ವ್ಯಾಪ್ತಿಗೆ ಬರುವವರಲ್ಲ. ಆದರೆ ದೇಶದ ಕಾಫಿಯ ಸುಮಾರು ಮೂರನೆಯ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ಹತ್ತು ಮನೆಗಳು ಸೇರಿ ವರ್ಷಕ್ಕೊಂದು ಕಚೇರಿಯ ಪಕ್ಕವಾದ್ಯದ ಖರ್ಚು ಹೊರುವುದು ಅಸಾಧ್ಯವೆಂದು ನಾನು ನಂಬಲಾರೆ.

ರೆಸಾರ್ಟ್‌ಗಳ ಹುಲ್ಲುಹಾಸಿನ ಮೇಲೆ ಸಂಜೆ ಹೊತ್ತು ಪಿಟೀಲು, ಕೊಳಲು ನುಡಿಸುವ ಯುವಕರಿಗೆ ಕೈತುಂಬ ಅಲ್ಲದಿದ್ದರೂ ಸಕಾಲಕ್ಕೆ ಹಣ ಸಿಗುತ್ತದೆ. ಅದನ್ನು ಕೀಳಾಗಿ ನೋಡುವ ಹಿರಿಯರಿದ್ದಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ, ಬಾಡಿಗೆ ಕಟ್ಟಬೇಕಾದವರು ಕಟ್ಟಲೇಬೇಕಲ್ಲ. ಆದರೆ ಅತಿಥಿಗಳು ಮಾತನಾಡುತ್ತ ಕುಳಿತಿರುವಲ್ಲಿ ಸಿನಿಮಾ ಹಾಡಿನ ಧಾಟಿ ನುಡಿಸುವ ಅಭ್ಯಾಸ ಕಚೇರಿಯ ಅಭ್ಯಾಸಕ್ಕೆ ಬದಲಿಯಾಗದು. ದೊಡ್ಡ ನಗರಗಳ ಕೆಲವು ಕಡೆ ಕಲಾವಿದರೇ ಹಣ ಕೊಟ್ಟು ಅವಕಾಶ ಪಡೆಯುತ್ತಾರೆಂಬ ಚರ್ಚೆ ವರ್ಷಗಳಿಂದ ಇದೆ. ಹಣ ಕೊಡದೆ ‘ಪ್ರಚಾರ ಸಿಗುತ್ತದಲ್ಲ’ ಎಂದು ಹಾಡಿಸುವುದು ಅದರ ಸೌಮ್ಯ ರೂಪವಷ್ಟೇ. ಮೊತ್ತ ಸಣ್ಣದಿರಲಿ, ಆದರೆ ಮೊದಲೇ ಹೇಳಿ, ಅಂದೇ ಕೊಡುವಂತಿರಲಿ.

ಇಷ್ಟನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದಾಗ, ಕೊಡಗಿಗೆ ಹೊಂದುವುದು ದೊಡ್ಡದೊಂದು ಉತ್ಸವಕ್ಕಿಂತ ಸಣ್ಣ ಕಚೇರಿಗಳ ಸರಣಿ. ಮೈಸೂರಿನಿಂದ ಬಂದ ಪಿಟೀಲು ಮತ್ತು ಮೃದಂಗದ ಕಲಾವಿದರು ಶನಿವಾರ ಕುಶಾಲನಗರದಲ್ಲಿ, ಭಾನುವಾರ ಬೆಳಿಗ್ಗೆ ಮಡಿಕೇರಿಯಲ್ಲಿ, ಸಂಜೆ ಗೋಣಿಕೊಪ್ಪಲಿನಲ್ಲಿ ನುಡಿಸಿದರೆ ಪ್ರಯಾಣದ ಖರ್ಚು ಮೂರು ಸಂಘಟಕರಲ್ಲಿ ಹಂಚಿಹೋಗುತ್ತದೆ, ಮತ್ತು ಒಬ್ಬಳೇ ಗಾಯಕಿ ಮೂರು ಕಡೆ ಹಾಡಿದರೆ ಎರಡು ದಿನದಲ್ಲಿ ಅವಳಿಗೆ ಸಿಗುವ ಅನುಭವ ಎರಡು ವರ್ಷದ ಬಿಡಿ ಕಾರ್ಯಕ್ರಮಗಳಿಗೆ ಮಿಗಿಲು. ಶನಿವಾರ ಭೈರವಿ ರಾಗದಲ್ಲಿ ಎಡವಿದ್ದನ್ನು ಭಾನುವಾರ ತಿದ್ದಿಕೊಳ್ಳಬಹುದು. ಸಭಾಂಗಣಗಳಿಗೆ ಬರವಿಲ್ಲ; ಊರೂರಿನ ಸಮಾಜಗಳ ಕಟ್ಟಡಗಳು, ದೇವಸ್ಥಾನದ ಮಂಟಪಗಳು, ಶಾಲೆಗಳ ಹಾಲುಗಳು ಮದುವೆಯಿಲ್ಲದ ದಿನ ಖಾಲಿಯಿರುತ್ತವೆ. ಎಂಬತ್ತು ಜನ ಕೂರುವಲ್ಲಿ ಧ್ವನಿವರ್ಧಕವೂ ಅಷ್ಟೇನೂ ಬೇಡ. ಮೈಸೂರು ಮತ್ತು ಪುತ್ತೂರು ಕಡೆಯ ಸಭೆಗಳೊಂದಿಗೆ ಕೊಟ್ಟು ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡು, ಅವರ ಒಬ್ಬ ಯುವ ಕಲಾವಿದನಿಗೆ ನಾವು, ನಮ್ಮ ಒಬ್ಬಳಿಗೆ ಅವರು ಕಚೇರಿ ಕೊಟ್ಟರೆ ನಮ್ಮವರು ಜಿಲ್ಲೆಯ ಆಚೆಗೂ ಕೇಳಿಸುತ್ತಾರೆ. ಸಂಘಟನೆಗೆ ಹಿರಿಯರೇ ಬೇಕೆಂದೇನೂ ಇಲ್ಲ. 1985ರಲ್ಲಿ ಚೆನ್ನೈನಲ್ಲಿ ಯುವ ಸಂಗೀತಗಾರರೇ ಸೇರಿ ತಮ್ಮದೊಂದು ಸಂಘ ಕಟ್ಟಿಕೊಂಡು ಕಚೇರಿಗಳನ್ನು ನಡೆಸಿದ ಉದಾಹರಣೆಯಿದೆ.

ಕೇಳುಗರನ್ನು ಬೆಳೆಸುವ ಕೆಲಸ ಇದರ ಜೊತೆಯಲ್ಲೇ ನಡೆಯಬೇಕು. 1977ರಲ್ಲಿ ಕಿರಣ್ ಸೇಠ್ ಅವರು ಆರಂಭಿಸಿದ ಸ್ಪಿಕ್ ಮೆಕೆ ಎಂಬ ಸಂಸ್ಥೆ ಶಾಲಾ ಕಾಲೇಜುಗಳಿಗೇ ಕಲಾವಿದರನ್ನು ಕರೆದೊಯ್ದು ಹಾಡಿಸುವ ದಾರಿ ತೋರಿಸಿತು. ಯುವ ಕಲಾವಿದರೊಬ್ಬರು ಶುಕ್ರವಾರ ಒಂದು ಶಾಲೆಯಲ್ಲಿ ಮುಕ್ಕಾಲು ಗಂಟೆ ಹಾಡಿ, ತಾಳ ಹಾಕುವುದು ಹೇಗೆಂದು ತೋರಿಸಿದರೆ, ಶನಿವಾರದ ಕಚೇರಿಗೆ ಆ ಮಕ್ಕಳಲ್ಲಿ ಕೆಲವರು ಅಪ್ಪ ಅಮ್ಮನನ್ನು ಎಳೆದುಕೊಂಡು ಬರುತ್ತಾರೆ. ಮಡಿಕೇರಿ ಆಕಾಶವಾಣಿ ಕೇಂದ್ರ ಜಿಲ್ಲೆಯ ಮನೆಮನೆಗೆ ಪರಿಚಿತವಾದದ್ದು. ಕಲಾವಿದರಿಗೆ ಶ್ರೇಣಿ ಕೊಡುವ ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ಬಿ ಶ್ರೇಣಿ ಪಡೆದವರಿಗೆ ರಾಜ್ಯದ ಬಹಳಷ್ಟು ಸಭೆಗಳಲ್ಲಿ ಬಾಗಿಲು ತೆರೆಯುತ್ತದೆ. ಆ ಪರೀಕ್ಷೆಗೆ ಹೇಗೆ ಸಿದ್ಧವಾಗಬೇಕು, ಯಾವ ರಾಗಗಳು ಕೈಯಲ್ಲಿರಬೇಕು ಎಂದು ಶ್ರೇಣಿ ಪಡೆದ ಕಲಾವಿದರಿಂದ ಎರಡು ದಿನದ ತರಬೇತಿ ಏರ್ಪಡಿಸುವುದು ಒಂದು ಸನ್ಮಾನ ಸಮಾರಂಭಕ್ಕಿಂತ ಅಗ್ಗ.

ಆಯ್ಕೆ ಯಾರು ಮಾಡಬೇಕೆಂಬುದು ಎಲ್ಲಕ್ಕಿಂತ ಮುಜುಗರದ ಪ್ರಶ್ನೆ, ಏಕೆಂದರೆ ಸಣ್ಣ ಜಿಲ್ಲೆಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಇಲ್ಲಿ ಪಾಠ ಹೇಳುವವರೇ ಸಮಿತಿಯಲ್ಲಿ ಕುಳಿತರೆ ತಮ್ಮ ಶಿಷ್ಯರ ಪರವಾಗಿಯೋ, ಪಕ್ಷಪಾತದ ಆರೋಪಕ್ಕೆ ಹೆದರಿ ತಮ್ಮ ಶಿಷ್ಯರಿಗೇ ವಿರುದ್ಧವಾಗಿಯೋ ತೀರ್ಮಾನವಾಗುತ್ತದೆ. ಹೆಸರಿಲ್ಲದ ಧ್ವನಿಮುದ್ರಿಕೆಗಳನ್ನು ಜಿಲ್ಲೆಯ ಹೊರಗಿನ ಇಬ್ಬರು ವಿದ್ವಾಂಸರಿಗೆ ಕಳುಹಿಸಿ ಆಯ್ಕೆ ಮಾಡಿಸುವುದು ಸರಳ ಪರಿಹಾರ. ವರ್ಷಕ್ಕೆ ಇಪ್ಪತ್ತು ಮಂದಿಗೆ ಒಂದೊಂದು ಅವಕಾಶ ಕೊಟ್ಟು ಎಲ್ಲರನ್ನೂ ಸಮಾಧಾನಪಡಿಸುವ ಬದಲು ನಾಲ್ಕು ಮಂದಿಯನ್ನು ಆರಿಸಿ, ಅವರನ್ನೇ ಮೂರು ವರ್ಷ ಕರೆದು, ಪ್ರತಿ ಕಚೇರಿಯ ನಂತರ ಜೊತೆಗೆ ನುಡಿಸಿದ ಪಕ್ಕವಾದ್ಯದವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದು ಅವರಿಗೆ ತಿಳಿಸಬೇಕು. ಉಳಿದ ಹದಿನಾರು ಮಂದಿಯ ಮನೆಯವರಿಂದ ಬರುವ ಮಾತುಗಳನ್ನು ಸಮಿತಿಯವರು ಕೇಳಿಸಿಕೊಳ್ಳಬೇಕಾಗುತ್ತದೆ, ಮರುವರ್ಷ ಅವರ ಧ್ವನಿಮುದ್ರಿಕೆಗಳನ್ನು ಮತ್ತೆ ಕರೆಯಬೇಕಾಗುತ್ತದೆ.